ಜಗತ್ತಿಗೊಂದೇ ನಾಣ್ಯ: ಬಾಗಲಕೋಟೆ ಸೀಮೆ ಹೇಳುವ ಪಾಠ

ಇಡೀ ಜಗತ್ತಿಗೆ ಒಂದೇ ನಾಣ್ಯವಿರಲಿ ಎಂಬ ವಾದ ಅರ್ಥಶಾಸ್ತ್ರದಲ್ಲಿ ಆಗಾಗ ತಲೆಯೆತ್ತುತ್ತದೆ. ವಿನಿಮಯದ ಖರ್ಚು ಉಳಿಯುತ್ತದೆ, ವ್ಯಾಪಾರ ಬೆಳೆಯುತ್ತದೆ ಎನ್ನುವುದು ಅದರ ಬಲ. ಆದರೆ ದೇಶಗಳ ಸಾರ್ವಭೌಮತ್ವದ ಗತಿಯೇನು? ಬಾದಾಮಿಯಿಂದ ಇಳಕಲ್‌ವರೆಗಿನ ಸೀಮೆ ಈ ಪ್ರಶ್ನೆಯನ್ನು ಹಲವು ರೂಪಗಳಲ್ಲಿ ಕಂಡಿದೆ.

ಹಲವು ನಾಣ್ಯ, ದೊಡ್ಡ ಪೇಟೆ

ಬಾದಾಮಿ ಚಾಲುಕ್ಯರ ನಂತರದ ಶತಮಾನಗಳಲ್ಲಿ ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ವರ್ತಕ ಸಂಘ ಸಿಂಹಳವನ್ನೂ ದಾಟಿ ಸುಮಾತ್ರಾ ತಲುಪಿತು. ಅಲ್ಲಿನ ಲೋಬು ತುವಾದಲ್ಲಿ ಐನೂರ್ವರ 1088ರ ತಮಿಳು ಶಾಸನ ಸಿಕ್ಕಿದೆ. ಅಷ್ಟು ದೊಡ್ಡ ಜಾಲಕ್ಕೆ ಒಂದೇ ನಾಣ್ಯವಿರಲಿಲ್ಲ. ನಮ್ಮ ಶಾಸನಗಳಲ್ಲಿ ಗದ್ಯಾಣ, ದ್ರಮ್ಮ, ಪಣ, ಹಾಗ, ವೀಸಗಳು ಬರುತ್ತವೆ; ಲಕ್ಕುಂಡಿಯ ಕಮ್ಮಟದ ಹೊನ್ನನ್ನು ‘ಲೊಕ್ಕಿ ಗದ್ಯಾಣ’ ಎಂದು ಬಿಡಿಸಿ ಬರೆದಿದ್ದಾರೆ. ನಂಬಿಕೆ ಇದ್ದಲ್ಲಿ ಹಲವು ನಾಣ್ಯಗಳ ನಡುವೆಯೂ ವ್ಯಾಪಾರ ಸಾಗುತ್ತದೆ.

ಕಂಪನಿಯ ರೂಪಾಯಿ

ಪೇಶ್ವೆಗಳ ಕಾಲದಲ್ಲಿ ಬಾಗಲಕೋಟೆಯಲ್ಲೇ ಟಂಕಶಾಲೆಯಿತ್ತು. ರಾಸ್ತೆ ಮನೆತನದ ಮಲ್ಹಾರರಾಯರಿಂದಾಗಿ ಅಲ್ಲಿನ ಬೆಳ್ಳಿ ರೂಪಾಯಿಗೆ ‘ಮಲ್ಹಾರಶಾಹಿ’ ಎಂಬ ಹೆಸರು ಬಂತು. 1818ರಲ್ಲಿ ಪೇಶ್ವೆ ಆಡಳಿತ ಮುಗಿಯಿತು. 1835ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗೆಲ್ಲ 180 ಗ್ರೇನ್ ತೂಕದ, 165 ಗ್ರೇನ್ ಶುದ್ಧ ಬೆಳ್ಳಿಯ ಒಂದೇ ರೂಪಾಯಿ ತಂದಿತು. ಊರೂರಲ್ಲಿ ನಾಣ್ಯ ಬದಲಿಸುವ ಶರಾಫರಿಗೆ ವಟ್ಟ ತೆರುವ ಕಾಟ ಕ್ರಮೇಣ ತಪ್ಪಿತು. ಇದು ನಿಜವಾದ ಲಾಭ.

ಬೆಲೆ ತೆತ್ತದ್ದು ಬೇರೆ ರೀತಿಯಲ್ಲಿ. ರೂಪಾಯಿಯ ಹಣೆಬರಹ ಲಂಡನ್ನಿನಲ್ಲಿ ನಿರ್ಧಾರವಾಗತೊಡಗಿತು. 1893ರಲ್ಲಿ ಬೆಳ್ಳಿಯ ಮುಕ್ತ ಟಂಕನ ನಿಂತಿತು. 1926ರಲ್ಲಿ ಹಿಲ್ಟನ್ ಯಂಗ್ ಆಯೋಗ ರೂಪಾಯಿಗೆ 18 ಪೆನ್ಸ್ ದರ ಶಿಫಾರಸು ಮಾಡಿತು; 16 ಪೆನ್ಸ್ ಸಾಕೆಂದು ಆಯೋಗದ ಸದಸ್ಯ ಪುರುಷೋತ್ತಮದಾಸ್ ಠಾಕೂರದಾಸ್ ಭಿನ್ನಮತ ಬರೆದರು. ದುಬಾರಿ ರೂಪಾಯಿ ಎಂದರೆ ಹೊರದೇಶಕ್ಕೆ ಹೋಗುವ ಹತ್ತಿಗೆ ರೈತನ ಕೈಗೆ ಬರುವ ರೂಪಾಯಿ ಕಡಿಮೆ. ಆ ರೈತನನ್ನು ಯಾರೂ ಕೇಳಲಿಲ್ಲ.

ಹಾಲಿ ಮತ್ತು ಕಲ್ದಾರ

ಇಳಕಲ್‌ನಲ್ಲಿ ಬ್ರಿಟಿಷರ ಕಲ್ದಾರ ರೂಪಾಯಿ ನಡೆದರೆ, ಮಗ್ಗುಲ ಕುಷ್ಟಗಿ ಹೈದರಾಬಾದ್ ನಿಜಾಮರದ್ದು. ಅಲ್ಲಿ ನಿಜಾಮರ ರೂಪಾಯಿ ‘ಹಾಲಿ ಸಿಕ್ಕಾ’ ನಡೆಯುತ್ತಿತ್ತು. ಏಳು ಹಾಲಿಗೆ ಆರು ಕಲ್ದಾರ ಎಂಬುದು ಲೆಕ್ಕ. ಅಂದರೆ 12 ಕಲ್ದಾರದ ಇಳಕಲ್ ಸೀರೆಗೆ 14 ಹಾಲಿ ಎಣಿಸಬೇಕು. ನಿಜಾಮರಿಗೆ ತಮ್ಮದೇ ನೋಟು, ನಾಣ್ಯಗಳಿದ್ದರೂ ಅವುಗಳ ಬೆಲೆ ಕಲ್ದಾರಕ್ಕೆ ಅಂಟಿಕೊಂಡಿತ್ತು. ಸ್ವಂತ ಮುದ್ರೆಯೊಂದೇ ಪೂರ್ಣ ಸ್ವಾತಂತ್ರ್ಯ ಕೊಡುವುದಿಲ್ಲ. ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೂ ಕೆಲಕಾಲ ಚಲಾವಣೆಯಲ್ಲಿದ್ದ ಹಾಲಿ 1959ರಲ್ಲಿ ರದ್ದಾಯಿತು.

ಸಿದ್ಧಾಂತದ ಹಾದಿ

1913ರಲ್ಲಿ ಭಾರತದ ಹಣ ವ್ಯವಸ್ಥೆಯ ಮೇಲೆ ತಮ್ಮ ಮೊದಲ ಪುಸ್ತಕ ಬರೆದ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್, 1940ರ ದಶಕದಲ್ಲಿ ‘ಬ್ಯಾಂಕೋರ್’ ಯೋಜನೆ ಮುಂದಿಟ್ಟರು. ದೇಶಗಳ ನಾಣ್ಯ ಉಳಿಯಲಿ, ಪರಸ್ಪರ ಬಾಕಿ ತೀರಿಸಲು ಮಾತ್ರ ಸಮಾನ ಏಕಮಾನವಿರಲಿ ಎಂಬುದು ಅದರ ತಿರುಳು. 1944ರ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ಡಾಲರ್ ಗೆದ್ದಿತು. ದುಡಿಯುವವರು ಸಲೀಸಾಗಿ ವಲಸೆ ಹೋಗಬಲ್ಲ ಪ್ರದೇಶಕ್ಕೆ ಒಂದೇ ನಾಣ್ಯ ಹೊಂದುತ್ತದೆ ಎಂದು 1961ರಲ್ಲಿ ರಾಬರ್ಟ್ ಮಂಡೆಲ್ ವಾದಿಸಿದರು.

ಅನುಭವವೂ ಪಾಠ ಕಲಿಸಿತು. ಕೊಲ್ಲಿಯ ಹಲವು ನಾಡುಗಳಲ್ಲಿ ಭಾರತವೇ ಹೊರಡಿಸಿದ, ನಮ್ಮ ರೂಪಾಯಿಗೆ ಸಮನಾದ ರೂಪಾಯಿ ನಡೆಯುತ್ತಿತ್ತು. 1966ರ ಜೂನ್‌ನಲ್ಲಿ ದೆಹಲಿ ಅಪಮೌಲ್ಯ ಮಾಡಿದಾಗ ಅಲ್ಲಿನವರ ಕೈಯಲ್ಲಿದ್ದ ಹಣದ ಬೆಲೆಯೂ ಕುಸಿಯಿತು. ಅವರಲ್ಲಿ ಹಲವರು ರೂಪಾಯಿ ಬಿಟ್ಟರು. 1999ರಲ್ಲಿ ಹುಟ್ಟಿದ ಯೂರೋ ಗಡಿ ದಾಟಿ ಗೆದ್ದಿತಾದರೂ, 2015ರಲ್ಲಿ ಗ್ರೀಸಿನ ಬ್ಯಾಂಕುಗಳು ಬಾಗಿಲು ಹಾಕಿ, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ ಸಿಗುವಂತಾಯಿತು. ತನ್ನ ಹಣದ ಬೆಲೆ ಇಳಿಸಿಕೊಳ್ಳುವ ದಾರಿ ಗ್ರೀಸಿಗಿರಲಿಲ್ಲ.

ಹುನಗುಂದಕ್ಕೂ ಆ ದಾರಿಯಿಲ್ಲ. ಆದರೂ ಒಂದೇ ರೂಪಾಯಿ ಇಲ್ಲಿ ಹೊರೆಯಾಗದಿರಲು ಕಾರಣಗಳಿವೆ. ಬರ ಬಿದ್ದರೆ ರೇಷನ್, ಪರಿಹಾರ ಬರುತ್ತವೆ. ಹಣಕಾಸು ಆಯೋಗ ತೆರಿಗೆ ಹಂಚುತ್ತದೆ. ದುಡಿಯುವವರು ಬೆಂಗಳೂರು, ಮಂಗಳೂರು, ಗೋವೆಗೆ ಹೋಗಬಲ್ಲರು. ಸರ್ಕಾರವನ್ನು ಬದಲಿಸುವ ಓಟು ಕೈಯಲ್ಲಿದೆ. ಜಗತ್ತಿಗೆ ಇಂಥ ಖಜಾನೆಯೂ ಇಲ್ಲ, ಇಂಥ ಓಟೂ ಇಲ್ಲ.

ಆದ್ದರಿಂದ ಇಂದಿನ ಸ್ಥಿತಿಯಲ್ಲಿ ವಿಶ್ವನಾಣ್ಯವೂ ದೇಶಗಳ ಸಾರ್ವಭೌಮತ್ವವೂ ಕೂಡಿ ಬಾಳಲಾರವು. ಬಾಕಿ ತೀರಿಸಲು ಕೇನ್ಸ್ ಕಂಡ ಏಕಮಾನ ಬರಲಿ. ರೂಪಾಯಿಯ ಮೇಲಿನ ತೀರ್ಮಾನ ಮಾತ್ರ ಜನರಿಗೆ ಉತ್ತರ ಕೊಡಬೇಕಾದವರ ಕೈಯಲ್ಲೇ ಇರಬೇಕು.