ಪರದೆಯಿಂದ ಇಳಿದು ಬಂದವರು

ಮೊನ್ನೆ ಶನಿವಾರ ಶಾಲೆ ಬಿಡುವ ಮುನ್ನ ಏಳನೆಯ ಇಯತ್ತೆಯ ಮಕ್ಕಳಿಗೆ ನಾವು ಮೊಬೈಲಿನಲ್ಲಿ ಒಂದು ಹಳೆಯ ಧಾರಾವಾಹಿಯ ತುಣುಕು ತೋರಿಸಿದೆವು. 1989ರಲ್ಲಿ ದೂರದರ್ಶನದಲ್ಲಿ ಬಂದ ‘ಇಂದ್ರಧನುಷ್’. ಕಂಪ್ಯೂಟರ್, ಬೇರೆ ಲೋಕದ ಜೀವಿ, ಕಾಲಯಾನ, ಇವುಗಳ ನಡುವೆ ಓಡಾಡುವ ಮಕ್ಕಳ ಕಥೆ. ಅದರಲ್ಲಿ ತಂದೆಯ ಪಾತ್ರ ಗಿರೀಶ ಕಾರ್ನಾಡರದು. ‘ಮಾಲ್ಗುಡಿ ಡೇಸ್’ ಮೊದಲೇ ನೋಡಿದ್ದ ಒಬ್ಬ ಹುಡುಗ ತಟ್ಟನೆ ಎದ್ದು ನಿಂತ. “ಸರ್, ಇವ್ರು ಸ್ವಾಮಿಯ ಅಪ್ಪ ಅಲ್ಲೇನ್ರಿ? ಟೀವ್ಯಾಗಿನ ಮಂದಿ ನಮ್ಮಂಥೋರಿಗೆ ಸಿಗ್ತಾರೇನ್ರಿ?”

ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡರು ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಹುಡುಗನ ಪ್ರಶ್ನೆ ಒಬ್ಬ ನಟನ ಬಗ್ಗೆ ಮಾತ್ರ ಇರಲಿಲ್ಲ. ‘ನಮ್ಮಂಥೋರಿಗೆ’ ಎಂಬ ಮಾತಿನಲ್ಲೇ ಅವನ ಸಂಶಯವೆಲ್ಲ ಇತ್ತು. ಮಹಾರಾಷ್ಟ್ರದ ಗಡಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಆಕಾಶ, ರಾಕೆಟ್ಟು, ಟೀವಿ ಎಲ್ಲವೂ ಬೇರೆ ಯಾರದೋ ಆಸ್ತಿ ಎನ್ನಿಸುತ್ತದೆ. ಈ ಸಂಶಯಕ್ಕೆ ಇತಿಹಾಸದಲ್ಲಿ ಒಳ್ಳೆಯ ಉತ್ತರವಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಟೀವಿ ನಟರನ್ನು ಅಭಿಮಾನಿಗಳು ಎದುರಾಬದುರು ಕಾಣುವ ಒಂದು ಸಂಪ್ರದಾಯವಿದೆ. ಅದು ವೈಜ್ಞಾನಿಕ ಕಥೆಗಳ ಓದುಗರ ಸಮ್ಮೇಳನ. ಅಂಥ ಕೂಟಗಳಲ್ಲಿ ಬಹಳ ಹಳೆಯದೊಂದು 1937ರ ಜನವರಿ 3ರಂದು ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ, ಥಿಯಾಸಫಿಕಲ್ ಹಾಲಿನಲ್ಲಿ ನಡೆಯಿತು. ಎಷ್ಟು ಜನ ಬಂದಿದ್ದರು ಅಂತೀರಿ? ಹೆಚ್ಚೆಂದರೆ ಇಪ್ಪತ್ತು. ನಮ್ಮ ಒಂದು ವರ್ಗದ ಹಾಜರಿಗಿಂತ ಕಡಿಮೆ! ಆಗ ಅಲ್ಲಿ ನಟರಿರಲಿಲ್ಲ, ಟೀವಿಯೂ ಮನೆಮನೆಗೆ ಬಂದಿರಲಿಲ್ಲ. ಕಥೆ ಓದುವ ಹುಚ್ಚಿದ್ದವರು ಒಂದೆಡೆ ಕೂತು ಮಾತಾಡಿದರು, ಅಷ್ಟೇ. ಅವರಲ್ಲಿ ಹತ್ತೊಂಬತ್ತು ವಯಸ್ಸಿನ ಒಬ್ಬ ಹುಡುಗನಿದ್ದ. ಹೆಸರು ಆರ್ಥರ್ ಸಿ. ಕ್ಲಾರ್ಕ್. ಈ ಹೆಸರು ನೆನಪಿಡಿ, ಇವನು ಮುಂದೆ ನಮ್ಮ ಗಡಿಯ ಹತ್ತಿರಕ್ಕೇ ಬರುತ್ತಾನೆ.

ನಟರು ಈ ಕೂಟಗಳ ನಡುವೆ ಬಂದದ್ದು ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಿಂದ. ಅದು 1966ರಲ್ಲಿ ಶುರುವಾಗಿ 79 ಕಂತುಗಳಾದ ಮೇಲೆ 1969ರಲ್ಲಿ ನಿಂತುಹೋಯಿತು. ಟೀವಿಯವರು ಕೈಬಿಟ್ಟರೂ ಪ್ರೇಕ್ಷಕರು ಬಿಡಲಿಲ್ಲ. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಅಭಿಮಾನಿಗಳೇ ಸಮ್ಮೇಳನ ಕರೆದರು. ಕೆಲವು ನೂರು ಜನ ಬಂದಾರು ಎಂದುಕೊಂಡಿದ್ದರು, ಬಂದವರು ಮೂರು ಸಾವಿರಕ್ಕೂ ಮಿಕ್ಕಿದರು. ಮುಂದೆ ಇಂಥ ಸಮ್ಮೇಳನಗಳಿಗೆ ನಟನಟಿಯರು ಬಂದು ಅಭಿಮಾನಿಗಳ ಎದುರು ಕೂತು ಮಾತಾಡುವುದು ವಾಡಿಕೆಯಾಯಿತು.

ಇದರಿಂದ ಏನು ಲಾಭ, ಒಂದು ಸಹಿ, ಒಂದು ಫೋಟೋ ಅಷ್ಟೇ ತಾನೆ ಎಂದು ನೀವು ಕೇಳಬಹುದು. ನಿಶೆಲ್ ನಿಕೋಲ್ಸ್ ಎಂಬ ನಟಿಯ ಕಥೆ ಕೇಳಿ. ‘ಸ್ಟಾರ್ ಟ್ರೆಕ್’ನ ಆಕಾಶನೌಕೆಯಲ್ಲಿ ಅಧಿಕಾರಿಯ ಪಾತ್ರ ಮಾಡಿದ ಕಪ್ಪುವರ್ಣದ ಹೆಣ್ಣುಮಗಳು. ಮೊದಲ ವರ್ಷದ ಕೊನೆಗೆ ಪಾತ್ರ ಬಿಡಬೇಕೆಂದಿದ್ದಾಗ ಮಾರ್ಟಿನ್ ಲೂಥರ್ ಕಿಂಗ್ ಅವರೇ ತನ್ನನ್ನು ತಡೆದರು ಎಂದು ಆಕೆ ಹಲವು ಸಲ ಹೇಳಿದ್ದಾರೆ. 1975ರಲ್ಲಿ ಶಿಕಾಗೋದ ಒಂದು ಅಭಿಮಾನಿಗಳ ಸಮ್ಮೇಳನಕ್ಕೆ ಆಕೆ ಅತಿಥಿಯಾಗಿ ಹೋದರು. ಅಲ್ಲಿ ನಾಸಾದ ವಿಜ್ಞಾನಿಯೊಬ್ಬರ ಭಾಷಣ ಕೇಳಿದರು. ಬಾಹ್ಯಾಕಾಶಕ್ಕೆ ಹೋಗುವವರಲ್ಲಿ ನಮ್ಮವರು ಯಾರೂ ಇಲ್ಲವಲ್ಲ ಎಂಬ ಪ್ರಶ್ನೆ ಆಕೆಯನ್ನು ಹಿಡಿದುಕೊಂಡಿತು. 1977ರಲ್ಲಿ ನಾಸಾ ಅವರಿಗೇ ಒಂದು ಕೆಲಸ ಒಪ್ಪಿಸಿತು. ಹೆಣ್ಣುಮಕ್ಕಳೂ ಕಪ್ಪುವರ್ಣದವರೂ ಗಗನಯಾತ್ರಿಗಳಾಗಲು ಅರ್ಜಿ ಹಾಕುವಂತೆ ಊರೂರು ತಿರುಗಿ ಹುರಿದುಂಬಿಸುವ ಕೆಲಸ. 1978ರಲ್ಲಿ ನಾಸಾ ಆರಿಸಿದ 35 ಜನರಲ್ಲಿ ಆರು ಮಂದಿ ಮಹಿಳೆಯರು, ಮೂವರು ಕಪ್ಪುವರ್ಣದವರು. ಅಲ್ಲಿಯವರೆಗೆ ನಾಸಾದಿಂದ ಒಬ್ಬ ಮಹಿಳೆಯೂ ಬಾಹ್ಯಾಕಾಶಕ್ಕೆ ಹೋಗಿರಲಿಲ್ಲ. ನೋಡಿ, ಪರದೆಯಿಂದ ಇಳಿದು ಬಂದ ನಟಿ ಅಭಿಮಾನಿಗಳನ್ನು ಬದಲಿಸಿದ್ದಷ್ಟೇ ಅಲ್ಲ, ಆ ಕೂಟ ನಟಿಯನ್ನೇ ಬದಲಿಸಿತು.

ಇನ್ನು ನಮ್ಮ ಕಡೆಗೆ ಬರೋಣ. ಲೀಡ್ಸ್ ಕೂಟದಲ್ಲಿದ್ದ ಆ ಹುಡುಗ ಕ್ಲಾರ್ಕ್ 1945ರಲ್ಲಿ ಒಂದು ಲೇಖನ ಬರೆದ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇಟ್ಟರೆ ಅದು ಭೂಮಿಯ ಜೊತೆಗೇ ಸುತ್ತುತ್ತ ನಮ್ಮ ತಲೆಯ ಮೇಲೆ ಒಂದೇ ಕಡೆ ನಿಂತಂತೆ ಕಾಣುತ್ತದೆ, ಅಲ್ಲಿಂದ ದೇಶಕ್ಕೆಲ್ಲ ಸುದ್ದಿ ಕಳಿಸಬಹುದು ಎಂದು. ಮೂವತ್ತು ವರ್ಷಗಳ ಮೇಲೆ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಇಸ್ರೋ ಸಂಸ್ಥೆ ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಮುಟ್ಟಿಸಿತು. ‘ಸೈಟ್’ ಎಂಬುದು ಆ ಪ್ರಯೋಗದ ಹೆಸರು. ಕೋಳಿಗೂಡಿನ ಜಾಳಿಗೆಯಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ, ಅದರ ಕೆಳಗೆ ಒಂದು ಟೀವಿ, ಎದುರಿಗೆ ಇಡೀ ಊರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ವಿಜ್ಞಾನ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ. ಕೊಲಂಬೋದಲ್ಲಿ ನೆಲೆಸಿದ್ದ ಕ್ಲಾರ್ಕ್ ಅವರ ಮನೆಯಲ್ಲೂ ಇಸ್ರೋದ ಎಂಜಿನಿಯರುಗಳು ಒಂದು ಆಂಟೆನಾ ಕಟ್ಟಿಕೊಟ್ಟರು. ಕಥೆ ಕಟ್ಟಿದವನ ಮನೆಗೇ ಕಥೆ ನಿಜವಾಗಿ ಬಂತು!

ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಕರ್ನಾಟಕದ ಹಳ್ಳಿಗಳು ಯಾವ ಕಡೆಯವು? ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳವು. ಅಂದರೆ ನಮ್ಮ ಉಮರ್ಗಾದ ಆಚೆ, ಆಳಂದ ತಾಲ್ಲೂಕು ಇರುವ ಜಿಲ್ಲೆಯಲ್ಲೇ ಮಕ್ಕಳು ಕನ್ನಡದಲ್ಲಿ ವಿಜ್ಞಾನ ನೋಡಿದರು. ಮಹಾರಾಷ್ಟ್ರ ಆ ಪಟ್ಟಿಯಲ್ಲಿರಲಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ ಜಿಲ್ಲೆಯ ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು. ಆಗ ಎಳೆದ ಗೆರೆ ಇಪ್ಪತ್ತು ವರ್ಷಗಳ ಮೇಲೆ ಆಕಾಶದಿಂದ ಬರುವ ಕನ್ನಡವನ್ನೂ ಆಚೆಗೇ ನಿಲ್ಲಿಸಿತು. ಇದು ಯಾರ ಮೇಲಿನ ದೂರೂ ಅಲ್ಲ. ಗಡಿಯ ಮಕ್ಕಳಿಗೆ ತಪ್ಪಿದ್ದು ಏನು ಎಂಬ ಲೆಕ್ಕ, ಅಷ್ಟೇ.

ಸೈಟ್ ನಡೆದಾಗ ಇಸ್ರೋದ ಅಹಮದಾಬಾದ್ ಕೇಂದ್ರದ ನಿರ್ದೇಶಕರಾಗಿದ್ದವರು ಪ್ರೊಫೆಸರ್ ಯಶಪಾಲ್. 1990ರ ದಶಕದಲ್ಲಿ ಇದೇ ಯಶಪಾಲರು ದೂರದರ್ಶನದ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದಲ್ಲಿ ಪ್ರೇಕ್ಷಕರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಆ ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು ಗಿರೀಶ ಕಾರ್ನಾಡರು. ಆ ಹೊತ್ತಿಗೆ ಮರಾಠವಾಡಾದ ಮನೆಗಳಿಗೂ ದೂರದರ್ಶನ ಬಂದಿತ್ತು. ‘ಯಯಾತಿ’, ‘ತುಘಲಕ್’ ಬರೆದ ಕನ್ನಡದ ನಾಟಕಕಾರ ನಕ್ಷತ್ರಗಳ ಸುದ್ದಿ ಹೇಳುವುದನ್ನು ಗಡಿಯ ಈಚೆಯವರೂ ಕಂಡರು. ಕಾರ್ನಾಡರು ಹುಟ್ಟಿದ್ದು ಇದೇ ಮಹಾರಾಷ್ಟ್ರದ ಮಾಥೇರಾನಿನಲ್ಲಿ, ಮನೆಮಾತು ಕೊಂಕಣಿ, ಬೆಳೆದದ್ದು ಶಿರಸಿ ಧಾರವಾಡಗಳಲ್ಲಿ, ಧಾರವಾಡದ ಕಾಲೇಜಿನಲ್ಲಿ ಓದಿದ್ದು ಗಣಿತ. ಬರೆದದ್ದು ಕನ್ನಡದಲ್ಲಿ. ಮನೆಯಲ್ಲಿ ಒಂದು ಮಾತು, ಓಣಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಎಂದು ಹೆದರುವ ನಮ್ಮ ಪಾಲಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕಥೆ ಬರೆಯುವವರ ಮಾತಿಗೆ ಬಂದರೆ ನಮ್ಮ ನೆರೆಮನೆಯ ಮರಾಠಿಯಿಂದಲೂ ಕಲಿಯುವುದಿದೆ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವೈಜ್ಞಾನಿಕ ಕಥೆಗಳ ಸ್ಪರ್ಧೆ ಇಟ್ಟಿತ್ತು. ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ ಬಂದ ಕಥೆಗೆ ಬಹುಮಾನ ಸಿಕ್ಕಿತು. ನೋಡಿದರೆ ಅದು ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರಳೀಕರರು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ ಇಟ್ಟುಕೊಂಡ ಹೆಸರು. ದೊಡ್ಡ ಹೆಸರಿನ ಆಸರೆ ಬೇಡ, ಕಥೆ ತನ್ನ ಕಾಲ ಮೇಲೆ ನಿಲ್ಲಲಿ ಎಂಬಂತಿತ್ತು ಅವರ ನಡೆ. 2021ರಲ್ಲಿ ನಾಶಿಕದ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಅದರ ಮುಂದಿನ ಸಮ್ಮೇಳನ 2022ರ ಏಪ್ರಿಲಿನಲ್ಲಿ ನಡೆದದ್ದು ನಮ್ಮ ಉದಗೀರಿನಲ್ಲೇ. ಕನ್ನಡದಲ್ಲೂ ರಾಜಶೇಖರ ಭೂಸನೂರಮಠರಂಥವರು ಇಂಥ ಕಥೆಗಳನ್ನು ಬರೆದಿದ್ದಾರೆ. ಆದರೆ ನಮ್ಮ ಶಾಲೆಗಳ ಕಪಾಟುಗಳಲ್ಲಿ ಅವು ಕಾಣುವುದು ಅಪರೂಪ.

ಹಾಗಾದರೆ ಹುಡುಗನಿಗೆ ನಾವು ಏನು ಹೇಳಿದೆವು? ಸಿಗ್ತಾರಪ್ಪ, ಆದರೆ ಅವರು ಬರಲೆಂದು ಕಾಯಬಾರದು, ಮೊದಲು ನಾವು ಕೂಡಬೇಕು ಎಂದೆವು. ಲೀಡ್ಸಿನಲ್ಲಿ ಕೂಡಿದವರು ಇಪ್ಪತ್ತು ಜನ. ನಮ್ಮ ಏಳನೆಯ ಇಯತ್ತೆಯಲ್ಲಿ ಹಾಜರಿದ್ದವರು ಇಪ್ಪತ್ತಮೂರು. ಹಾಲು ಹೋಟೆಲು ಬೇಡ, ನಮ್ಮ ವರಾಂಡ ಸಾಕು. ಹೀಗೆ ಬರುವ ತಿಂಗಳ ಮೊದಲ ಶನಿವಾರ ಒಂದು ಕೂಟ ಮಾಡುವುದೆಂದು ಗೊತ್ತಾಗಿದೆ. ಪ್ರತಿ ಮಗುವೂ ಆಕಾಶದ ಬಗ್ಗೆ ಒಂದು ಪುಟದ ಕಥೆ ಬರೆದು ತರಬೇಕು, ಕನ್ನಡದಲ್ಲಿ. ಮನೆಮಾತಿನ ಶಬ್ದ ಬಂದರೂ ನಡೆಯುತ್ತದೆ.

ಪ್ರಶ್ನೆ ಕೇಳಿದ ಹುಡುಗ ಸೋಮವಾರವೇ ತನ್ನ ಪುಟ ತಂದು ಮೇಜಿನ ಮೇಲಿಟ್ಟ. ಬೇರೆ ಲೋಕದ ಜೀವಿಯೊಂದು ನಿಲಂಗಾದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತದೆ. ಮರಾಠಿಯಲ್ಲಿ ಕೇಳಿದರೆ ಅದಕ್ಕೆ ತಿಳಿಯುವುದಿಲ್ಲ, ಹಿಂದಿಯಲ್ಲಿ ಕೇಳಿದರೂ ತಿಳಿಯುವುದಿಲ್ಲ. ಕೊನೆಗೆ ಒಬ್ಬ ಹುಡುಗ “ಎಲ್ಲಿಂದ ಬಂದ್ರಿ?” ಎಂದು ಕನ್ನಡದಲ್ಲಿ ಕೇಳುತ್ತಾನೆ. ಅದು ನಕ್ಕು ಉತ್ತರ ಕೊಡುತ್ತದೆ. ಕಾಗುಣಿತದ ತಪ್ಪುಗಳು ಹನ್ನೊಂದು ಇದ್ದವು. ಕೆಂಪು ಪೆನ್ನು ಕೈಗೆತ್ತಿಕೊಂಡವರು ಅವತ್ತು ಅದನ್ನು ಹಾಗೇ ಕೆಳಗಿಟ್ಟೆವು.