ಬಂಗಾರವಲ್ಲ, ಹೆಣೆದ ಉಣ್ಣೆಯೇ ಕಿರೀಟ

ಅರಸನಾದವನಿಗೆ 'ಪಟ್ಟ ಕಟ್ಟಿದರು' ಎನ್ನುವುದು ಕನ್ನಡದ ರೂಢಿ. ಹಣೆಗೆ ಕಟ್ಟುವ ಪಟ್ಟಿಯೇ ಅಧಿಕಾರದ ಗುರುತಾಗಿದ್ದ ಕಾಲದ ನೆನಪು ಈ ಮಾತಿನಲ್ಲಿದೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಸೀಮೆಯನ್ನು ಆಳಿದ ಇಂಕಾ ದೊರೆಗಳ ಪಟ್ಟವೂ ಹೀಗೆ ತಲೆಗೆ ಸುತ್ತುವ ಪಟ್ಟಿಯೇ ಆಗಿತ್ತು. ಬಂಗಾರ ಹೇರಳವಾಗಿದ್ದ ಆ ನಾಡಿನಲ್ಲಿ ಅದನ್ನು ಮಾಡುತ್ತಿದ್ದುದು ಮಾತ್ರ ಉಣ್ಣೆಯ ನೂಲಿನಿಂದ!

'ಲ್ಯಾವುಟು' ಎಂಬ ಈ ಪಟ್ಟಿಯ ವಿವರವನ್ನು ಗಾರ್ಸಿಲಾಸೊ ದೆ ಲಾ ವೇಗಾ 1609ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನೀಡಿದ್ದಾನೆ. ಇಂಕಾ ರಾಜವಂಶದ ತಾಯಿ, ಸ್ಪೇನಿನ ಸೇನಾನಿ ತಂದೆಗೆ 1539ರಲ್ಲಿ ಕುಸ್ಕೋ ನಗರದಲ್ಲಿ ಹುಟ್ಟಿದವನು ಈತ. ಅವನ ಪ್ರಕಾರ ಹಲವು ಬಣ್ಣದ ನೂಲನ್ನು ಜಡೆಯಂತೆ ಹೆಣೆದ ಈ ಪಟ್ಟಿ ಬೆರಳಿನಷ್ಟು ಅಗಲ. ತಲೆಗೆ ನಾಲ್ಕೈದು ಸುತ್ತು ಬರುವಷ್ಟು ಉದ್ದ. ಅದರಿಂದ ಹಣೆಯ ಮೇಲೆ ಇಳಿಬಿದ್ದ ಕೆಂಪು ಕುಚ್ಚಿನ ಸಾಲು ದೊರೆಗೆ ಮಾತ್ರ ಮೀಸಲು. ಯುವರಾಜನದು ಹಳದಿ ಕುಚ್ಚು.

ಆಂಡೀಸ್‌ನಲ್ಲಿ ಆಗ ಕುರಿಗಳಿರಲಿಲ್ಲ. ಒಂಟೆಯ ಬಳಗಕ್ಕೆ ಸೇರಿದ ಲಾಮಾ, ಅಲ್ಪಾಕಾ, ವಿಕೂನ್ಯಾಗಳೇ ಉಣ್ಣೆಯ ಮೂಲ. ಚರಕವೂ ಇರಲಿಲ್ಲ. ತಕಲಿಯಲ್ಲಿ ನೂತ ಎಳೆಗಳನ್ನು ಜೋಡಿಸಿ ಹುರಿ ಮಾಡುತ್ತಿದ್ದರು. ಪಾಪಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟದಿಂದ ಕೆಂಪು ಬಣ್ಣ ದೊರೆಯುತ್ತಿತ್ತು. ಹುರಿಗಳನ್ನು ಒಂದರ ಮೇಲೊಂದು ದಾಟಿಸುತ್ತ ಹೆಣೆಯುವ ಕೆಲಸಕ್ಕೆ ಮಗ್ಗವೇ ಬೇಕಿಲ್ಲ. ಆಂಡೀಸ್‌ನ ಕುರುಬರು ಕವಣೆ ಹೆಣೆಯುವುದೂ ಹೀಗೆಯೇ.

ತಲೆಯುಡುಗೆ ಅರಸರಿಗಷ್ಟೇ ಸೀಮಿತವಾಗಿರಲಿಲ್ಲ. ಪ್ರತಿ ಪ್ರಾಂತ್ಯದ ಜನರಿಗೂ ಅವರದೇ ತಲೆಯುಡುಗೆಯಿತ್ತು. ಗೆದ್ದ ಸೀಮೆಗಳ ಜನರನ್ನು ಇಂಕಾ ಆಡಳಿತ ದೂರದೂರಿಗೆ ಒಕ್ಕಲೆಬ್ಬಿಸಿ ಕಳಿಸುತ್ತಿತ್ತು. ಅಲ್ಲಿಯೂ ಅವರು ತಮ್ಮ ತವರಿನ ಗುರುತನ್ನೇ ಧರಿಸಬೇಕಿತ್ತು. ಬದಲಿಸಿದರೆ ಶಿಕ್ಷೆ. ಕಂಡೊಡನೆ ಯಾವ ಸೀಮೆಯವನೆಂದು ತಿಳಿಯಲು ಇದು ಆಡಳಿತಕ್ಕೆ ಸುಲಭದ ದಾರಿ; ಪ್ರಜೆಗೆ ತಲೆಯ ಮೇಲಿನ ಕಾವಲು.

1532ರ ನವೆಂಬರ್ 16ರಂದು ಸ್ಪೇನಿನ ಪಿಸಾರೊ ಕಹಾಮಾರ್ಕಾದಲ್ಲಿ ದೊರೆ ಅತಾವಾಲ್ಪನನ್ನು ಸೆರೆಹಿಡಿದ. ಬಿಡುಗಡೆಗಾಗಿ ತರಿಸಿದ ಚಿನ್ನ, ಬೆಳ್ಳಿಯ ಒಡವೆಗಳನ್ನು ಕರಗಿಸಿ ಹಂಚಿಕೊಂಡರೂ 1533ರಲ್ಲಿ ದೊರೆಯನ್ನು ಕೊಲ್ಲಲಾಯಿತು. ಆದರೆ ಅದೇ ವರ್ಷ ಮಾಂಕೊ ಎಂಬ ರಾಜಕುಮಾರನನ್ನು ಕೈಗೊಂಬೆಯಾಗಿ ಕೂರಿಸುವಾಗ ಬೇಕಾದದ್ದು ಬಂಗಾರವಲ್ಲ, ಆ ಕೆಂಪು ಕುಚ್ಚು. ಅದಿಲ್ಲದವನನ್ನು ಜನ ದೊರೆಯೆಂದು ಒಪ್ಪುತ್ತಿರಲಿಲ್ಲ. 1536ರಲ್ಲಿ ಆ ಮಾಂಕೊನೇ ಸ್ಪೇನಿನ ವಿರುದ್ಧ ದಂಗೆಯೆದ್ದ.

ನೂಲಿನ ಈ ಬಲ ಆಳುವವರಿಗೂ ತಿಳಿದಿತ್ತು. ಎರಡನೇ ಟುಪಾಕ್ ಅಮಾರು 1780ರಲ್ಲಿ ಹೂಡಿದ ಬಂಡಾಯವನ್ನು ಹತ್ತಿಕ್ಕಿ, ಮರುವರ್ಷ ಅವನಿಗೆ ಮರಣದಂಡನೆ ವಿಧಿಸಿದ ತೀರ್ಪಿನಲ್ಲೇ ಇಂಕಾ ಉಡುಪು ಮತ್ತು ಕೆಂಪು ಕುಚ್ಚನ್ನು ನಿಷೇಧಿಸಲಾಯಿತು. ಕುಸ್ಕೋದಲ್ಲಿ ಸೂರ್ಯನ ಹಬ್ಬವಾದ 'ಇಂಟಿ ರಾಯ್ಮಿ' 1944ರಲ್ಲಿ ಮತ್ತೆ ಆರಂಭವಾಯಿತು. ಪ್ರತಿ ಜೂನ್ 24ರಂದು ಅಲ್ಲಿ ದೊರೆಯ ಪಾತ್ರಧಾರಿಯ ಹಣೆಯ ಮೇಲೆ ಈಗಲೂ ಕೆಂಪು ಕುಚ್ಚು ಕಾಣುತ್ತದೆ.