ಪರದೆ ಹೊಲಿಯೋ ಮುಂಚೆ ಬಟ್ಟೆ ಒಗೀಬೇಕಾ?

ಕಿಟಕಿಗೆ ಪರದೆ ಹೊಲಿಯೋಣ ಅಂತ ನೀವು ಬಟ್ಟೆ ತಂದಿದ್ದೀರಿ ಅಂತಿಟ್ಕೊಳ್ಳಿ. ಕತ್ತರಿ ಹಾಕೋ ಮುಂಚೆ ಅದನ್ನ ಒಂದ್ಸಲ ಒಗೀಬೇಕಾ, ಬೇಡ್ವಾ?

ನಾನು ಒಗೆಯಲಿಲ್ಲ. ಮಗಳ ರೂಮಿಗೆ 84 ಇಂಚಿನ ಹತ್ತಿ ಪರದೆ ಹೊಲಿದೆ. "ಬಟ್ಟೆ ನೆನೆಹಾಕಿದ್ಯೇನೋ?" ಅಂತ ಅಮ್ಮ ಫೋನಲ್ಲಿ ಕೇಳಿದಾಗ, "ಇಲ್ಲಿನ ಬಟ್ಟೆ ಹಂಗೆಲ್ಲ ಕುಗ್ಗಲ್ಲಮ್ಮ" ಅಂದುಬಿಟ್ಟೆ. ಮೊದಲನೇ ಸಲ ಒಗೆದು ಡ್ರೈಯರ್‌ನಿಂದ ತೆಗೆದಾಗ ಪರದೆ 81 ಇಂಚೂ ಇರಲಿಲ್ಲ. ದಿನವಿಡೀ ಡೇಟಾ ನೋಡೋ ನನಗೆ ಶೇಕಡಾ 4 ಅನ್ನೋದು ಅಂಥ ದೊಡ್ಡ ಸಂಖ್ಯೆಯೇ ಅಲ್ಲ. ಆದರೆ ಜೂನ್ ತಿಂಗಳಲ್ಲಿ ಪರದೆ ಕೆಳಗಿಂದ ಮೂರು ಇಂಚು ಬಿಸಿಲು ಒಳಗೆ ಬಂದರೆ, ಎರಡು ವರ್ಷದ ಮಗು ಐದೂವರೆಗೇ ಎದ್ದು ಕೂರುತ್ತೆ.

ಅಮ್ಮನ ಪ್ರಶ್ನೆ ಎಷ್ಟು ಹಳೆಯದು ಅಂತ ಆಮೇಲೆ ಹುಡುಕುತ್ತಾ ಹೋದೆ.

1663ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸರ್ಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಒಂದು ಖರೀದಿಯ ವಿಷಯ ಬರೆದುಕೊಂಡ. ಹೆಂಡತಿಯ ಓದುವ ಕೋಣೆಗೆ ಹೊದಿಸಲು ಅವನು ಕೊಂಡದ್ದು ಭಾರತದ ಚಿಂಟ್ಸ್. ಈ ಪದ ನಿಮಗೆ ಹೊಸದಲ್ಲ. ಹೂವಿನ ಅಚ್ಚು ಹಾಕಿದ ಹತ್ತಿ ಬಟ್ಟೆಗೆ ನಮ್ಮ ಅಜ್ಜಿಯರು 'ಚೀಟಿ ಬಟ್ಟೆ' ಅಂತಿದ್ದರಲ್ಲ, ಅದರದೇ ನೆಂಟ. ಅದರ ಬೆರಗು ಇದ್ದದ್ದು ಹೂವಿನಲ್ಲಿ ಮಾತ್ರ ಅಲ್ಲ. ಅದನ್ನು ಒಗೆಯಬಹುದಿತ್ತು, ಒಗೆದರೂ ಬಣ್ಣ ಹೋಗುತ್ತಿರಲಿಲ್ಲ. ಹತ್ತಿಯ ಮೇಲೆ ಹಾಗೆ ನಿಲ್ಲುವ ಬಣ್ಣ ಹಾಕೋ ವಿದ್ಯೆ ಆಗ ಯುರೋಪಿನವರಿಗೆ ಗೊತ್ತಿರಲಿಲ್ಲ.

ಹೇಗೆ ನಿಲ್ಲುತ್ತಿತ್ತು ಅನ್ನೋದನ್ನ ಪುದುಚೇರಿ ಕಡೆ ಇದ್ದ ಫ್ರೆಂಚ್ ಜೆಸ್ವಿಟ್ ಪಾದ್ರಿ ಕೂರ್ದೂ, ಕೆಲಸಗಾರರನ್ನೇ ಕೇಳಿ ತಿಳಿದುಕೊಂಡು 1742ರಲ್ಲಿ ತನ್ನ ದೇಶಕ್ಕೆ ಪತ್ರ ಬರೆದ. (ಸಂಸ್ಕೃತಕ್ಕೂ ಲ್ಯಾಟಿನ್‌ಗೂ ನಂಟಿದೆ ಅಂತ ಬಹಳ ಮುಂಚೆ ಗುರುತಿಸಿದವರಲ್ಲಿ ಈತನೂ ಒಬ್ಬ. ಆ ಕಥೆ ಇನ್ನೊಂದು ಸಂಚಿಕೆಗೆ ಇರಲಿ.) ಮೊದಲು ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ಅದ್ದಬೇಕು. ಕಪ್ಪಿಗೆ ಕಬ್ಬಿಣದ ದ್ರಾವಣ, ಕೆಂಪು ಬೇಕಾದ ಕಡೆ ಪಟಿಕ. ಆಮೇಲೆ ಬಣ್ಣದ ಬೇರಿನ ಜೊತೆ ಕುದಿಸಬೇಕು. ನೀಲಿಗೆ ಉಳಿದ ಭಾಗಕ್ಕೆಲ್ಲ ಮೇಣ ಬಳಿದು ನೀಲಿಯ ತೊಟ್ಟಿಯಲ್ಲಿ ಅದ್ದಬೇಕು. ಮಧ್ಯೆ ಮಧ್ಯೆ ಸಗಣಿ ನೀರು, ಬಿಸಿಲು, ಮತ್ತೆ ಒಗೆತ. ಕೊನೆಗೆ ಅಕ್ಕಿ ಗಂಜಿ ಹಾಕಿ, ಬಡಿದು, ಹೊಳಪು ತರುತ್ತಿದ್ದರು.

ಅಂದರೆ ಕೋರಮಂಡಲ ತೀರದಿಂದ ಹಡಗು ಹತ್ತೋ ಹೊತ್ತಿಗೆ ಆ ಬಟ್ಟೆ ಹತ್ತಾರು ಸಲ ನೀರು ಕಂಡಿರುತ್ತಿತ್ತು. ಕುಗ್ಗೋದೆಲ್ಲ ಊರಲ್ಲೇ ಕುಗ್ಗಿ ಆಗಿತ್ತು. ಮುಂದೆ ಒಗೆದಾಗ ಹೋಗುತ್ತಿದ್ದದ್ದು ಗಂಜಿಯ ಹೊಳಪು. ಕೊಂಡವರಿಗಾಗಿ ಆ ಒಗೆತವನ್ನೆಲ್ಲ ಮಾಡಿದವರ ಹೆಸರು ಒಂದೂ ಉಳಿದಿಲ್ಲ. ಉಳಿದದ್ದು ಪತ್ರ ಬರೆದವನ ಹೆಸರು.

ಈ ಬಟ್ಟೆ ಎಷ್ಟು ಓಡಿತು ಅಂದರೆ ಫ್ರಾನ್ಸ್ 1686ರಲ್ಲೇ ಅದನ್ನು ನಿಷೇಧಿಸಿತ್ತು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಯಲ್ಲಿ ಚೀಟಿ ಬಟ್ಟೆ ತೊಟ್ಟ ಹೆಂಗಸರ ಮೇಲೆ ಬಿದ್ದು ಬಟ್ಟೆ ಹರಿದರು. 1721ರ ಇಂಗ್ಲಿಷ್ ಕಾಯ್ದೆ ಉಡುಪನ್ನಷ್ಟೇ ಅಲ್ಲ, ಮನೆಯ ಪೀಠೋಪಕರಣಕ್ಕೆ ಬಳಸುವುದನ್ನೂ ಸೇರಿಸಿಯೇ ನಿಷೇಧಿಸಿತು. ಉಟ್ಟವರಿಗೆ 5 ಪೌಂಡ್ ದಂಡ. ನೀವು ಆರಾಮಾಗಿ ಸೋಫಾ ಮೇಲೆ ಇಡೋ ಕಲಂಕಾರಿ ದಿಂಬು ಆಗ ಅಪರಾಧ! ಆ ಕಾಯ್ದೆ ರದ್ದಾದದ್ದು 1774ರಲ್ಲಿ. ಅಷ್ಟರಲ್ಲಿ ಇಂಗ್ಲೆಂಡಿನವರೂ ಹತ್ತಿಗೆ ಅಚ್ಚು ಹಾಕೋದು ಕಲಿತಿದ್ದರು, ಗಿರಣಿಗಳ ಕಾಲ ಬಂತು.

ಗಿರಣಿ ಬಟ್ಟೆಯ ತೊಂದರೆಯೇ ಬೇರೆ. ಮಗ್ಗದಲ್ಲಿ ಉದ್ದದ ನೂಲು, ಅಂದರೆ ಹಾಸು, ಬಿಗಿಯಾಗಿ ಎಳೆದಿರುತ್ತೆ. ಆಮೇಲೆ ಬಿಳುಪು, ಬಣ್ಣ, ಗಂಜಿ ಅಂತ ಪ್ರತಿ ಯಂತ್ರವೂ ಇನ್ನಷ್ಟು ಎಳೆಯುತ್ತೆ. ಎಳೆದ ಸ್ಥಿತಿಯಲ್ಲೇ ಒಣಗಿಸಿ ಸುತ್ತಿಡ್ತಾರೆ. ನಿಮ್ಮ ಮನೆಯಲ್ಲಿ ನೀರು ತಾಗಿದಾಗ ಹತ್ತಿಯ ಎಳೆ ಊದಿಕೊಳ್ಳುತ್ತೆ, ಬಿಗಿ ಸಡಿಲವಾಗುತ್ತೆ. ದಪ್ಪಗಾದ ಅಡ್ಡನೂಲನ್ನ, ಅಂದರೆ ಹೊಕ್ಕನ್ನ, ಹಾಸು ಸುತ್ತಿಕೊಂಡು ಹೋಗಬೇಕಲ್ಲ, ಹಾಗಾಗಿ ಉದ್ದ ಕಮ್ಮಿಯಾಗುತ್ತೆ. ಪರದೆ ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು ಮೋಸ ಮಾಡೋದು ಇದಕ್ಕೇ.

ಇದಕ್ಕೊಂದು ಪರಿಹಾರ ಸಿಕ್ಕಿದ್ದು ನಾನು ಎಂ.ಎಸ್. ಮಾಡಿದ ಊರಿನ ಪಕ್ಕದಲ್ಲೇ, ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನಲ್ಲಿ. ಅಲ್ಲಿನ ಕಾಲರ್ ಸಿಟಿ ಸೇತುವೆ ಮೇಲೆ ಎಷ್ಟೋ ಸಲ ಹೋಗಿದ್ದೀನಿ, ಆ ಹೆಸರು ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ಕೊಳೆಯಾಗೋದು ಕಾಲರ್ ಮಾತ್ರ, ಅದಕ್ಕೆ ಇಡೀ ಶರ್ಟ್ ಯಾಕೆ ಒಗೀಬೇಕು ಅಂತ ಬೇಸತ್ತು, 1827ರ ಸುಮಾರಿಗೆ ಹ್ಯಾನಾ ಮಾಂಟೇಗ್ ಎಂಬಾಕೆ ಗಂಡನ ಶರ್ಟಿನ ಕಾಲರ್ ಕತ್ತರಿಸಿ ಬೇರೆ ಮಾಡಿದಳಂತೆ. ಅದೇ ಊರಿನ ಉದ್ಯಮವಾಯಿತು. ಆ ಕಾಲರುಗಳನ್ನು ಕುದಿನೀರಿನಲ್ಲಿ ಒಗೆದು ಇಸ್ತ್ರಿ ಮಾಡುತ್ತಿದ್ದ ಹೆಂಗಸರು 1864ರಲ್ಲಿ ಕೇಟ್ ಮುಲಾನಿಯ ನಾಯಕತ್ವದಲ್ಲಿ ಸಂಘ ಕಟ್ಟಿ, ಮುಷ್ಕರ ಹೂಡಿ, ಕೂಲಿ ಹೆಚ್ಚಿಸಿಕೊಂಡರು. ಅಲ್ಲಿನ ಕಾಲರ್ ಕಂಪನಿಯಾದ ಕ್ಲೂಯೆಟ್ ಪೀಬಾಡಿಯಲ್ಲಿದ್ದ ಸ್ಯಾನ್‌ಫರ್ಡ್ ಕ್ಲೂಯೆಟ್, ಒದ್ದೆ ಮಾಡಿದ ಬಟ್ಟೆಯನ್ನು ಯಂತ್ರದಲ್ಲೇ ಉದ್ದಕ್ಕೆ ಒತ್ತಿ ಮೊದಲೇ ಕುಗ್ಗಿಸುವ ವಿಧಾನಕ್ಕೆ 1930ರಲ್ಲಿ ಪೇಟೆಂಟ್ ಪಡೆದ. 'ಸ್ಯಾನ್‌ಫರೈಸ್ಡ್' ಅನ್ನೋ ಮುದ್ರೆ ಅವನ ಹೆಸರಿನದೇ. ಕೋರಮಂಡಲದವರು ನದಿಯಲ್ಲಿ ಮುಗಿಸುತ್ತಿದ್ದ ಕೆಲಸ ಹೀಗೆ ಮತ್ತೆ ಮಾರಾಟಕ್ಕೆ ಮುಂಚೆಯೇ ಆಗತೊಡಗಿತು.

ಆದರೆ ಅಂಗಿ ಬಟ್ಟೆಗೆ ಆದ ಉಪಕಾರ ಮನೆ ಅಲಂಕಾರದ ಬಟ್ಟೆಗೆಲ್ಲ ಆಗಲಿಲ್ಲ. ಇದನ್ನು ಜನ ಒಗೆಯಲ್ಲ, ಒರೆಸ್ತಾರೆ ಅಂತಲೇ ಬಹಳಷ್ಟು ಬಟ್ಟೆ ತಯಾರಾಗುತ್ತೆ. 1953ರಲ್ಲಿ 3ಎಂ ಪ್ರಯೋಗಾಲಯದಲ್ಲಿ ಯಾರದೋ ಕ್ಯಾನ್ವಾಸ್ ಶೂ ಮೇಲೆ ಒಂದು ದ್ರಾವಣ ಚೆಲ್ಲಿತು. ಆ ಜಾಗಕ್ಕೆ ಮಾತ್ರ ಕೊಳೆ ಅಂಟದಿರೋದನ್ನ ಪ್ಯಾಟ್ಸಿ ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಗಮನಿಸಿದರು. 1956ಕ್ಕೆ ಸ್ಕಾಚ್‌ಗಾರ್ಡ್ ಮಾರುಕಟ್ಟೆಗೆ ಬಂತು. ಅದರ ಹಿಂದಿನ ರಾಸಾಯನಿಕ ಪ್ರಕೃತಿಯಲ್ಲಿ ಕರಗದೆ ಜನರ ರಕ್ತದಲ್ಲೂ ಸೇರಿದೆ ಅಂತ ತಿಳಿದ ಮೇಲೆ, 2000ದಲ್ಲಿ ಕಂಪನಿ ಆ ಹಳೇ ಸೂತ್ರವನ್ನು ಕೈಬಿಡುವುದಾಗಿ ಹೇಳಿತು.

ಹಾಗಾಗಿ ನಿಮ್ಮ ಕೈಲಿರೋ ಬಟ್ಟೆಗೆ ನನ್ನ ಉತ್ತರ ಇಷ್ಟು. ಹೊಲಿದ ಮೇಲೆ ಅದನ್ನ ಹೇಗೆ ಒಗೀತೀರೋ, ಕತ್ತರಿಸೋ ಮುಂಚೆ ಹಾಗೇ ಒಗೀರಿ. ಡ್ರೈಯರ್‌ಗೆ ಹಾಕೋರು ಈಗಲೂ ಡ್ರೈಯರ್‌ಗೇ ಹಾಕಿ. ಕುರ್ಚಿಗೆ ಮೊಳೆ ಹೊಡೆದು ಕೂರಿಸೋ ಬಟ್ಟೆಯಾದರೆ, ಅಥವಾ ಹೊಳಪಿಗಾಗಿಯೇ ತಂದ ಚಿಂಟ್ಸ್ ಆದರೆ, ನೀರು ಮುಟ್ಟಿಸಬೇಡಿ. ಆ ಹೊಳಪು ಹೋದರೆ ಮನೆಯಲ್ಲಿ ವಾಪಸ್ ತರೋಕಾಗಲ್ಲ. ಗೊತ್ತಾಗದಿದ್ದರೆ ಹತ್ತು ಇಂಚಿನ ಚೌಕ ಕತ್ತರಿಸಿ, ಒಗೆದು, ಅಳೆದು ನೋಡಿ. ಸ್ಯಾಂಪಲ್ ತೆಗೆಯೋದು ನನ್ನ ಹೊಟ್ಟೆಪಾಡು, ಆದರೂ ನನಗೇ ಹೊಳೆಯಲಿಲ್ಲ. ಬ್ಲೌಸಿನ ಲೈನಿಂಗು, ಸೀರೆ ಫಾಲು ಎಲ್ಲವನ್ನೂ ಅಮ್ಮ ರಾತ್ರಿಯೇ ಬಕೆಟ್ಟಿನಲ್ಲಿ ನೆನೆಹಾಕಿ ಒಣಗಿಸಿ ಟೈಲರ್‌ಗೆ ಕೊಡೋದನ್ನ ನೋಡುತ್ತಲೇ ಬೆಳೆದವನು ನಾನು.

ಪರದೆಯನ್ನ ಎಸೆಯಲಿಲ್ಲ. ಅಮ್ಮ ಕಳೆದ ಸಲ ತಂದಿದ್ದ ಮಚಲೀಪಟ್ಟಣದ ಕಲಂಕಾರಿ ತುಂಡು ಪೆಟ್ಟಿಗೆಯಲ್ಲಿತ್ತು. ಕೆಳಗೆ ಆರು ಇಂಚಿನ ಅಂಚು ಕೊಡೋಣ ಅಂತ ತೆಗೆದೆ. ಈ ಸಲ ಕತ್ತರಿ ಆಮೇಲೆ. ಈಗ ಅದು ಬಾತ್‌ಟಬ್ಬಿನಲ್ಲಿ ನೆನೀತಾ ಇದೆ, ನೀರು ಒಂಚೂರು ಕಂದು ಬಣ್ಣಕ್ಕೆ ತಿರುಗಿದೆ, ಮಗಳು ಪಕ್ಕದಲ್ಲಿ ನಿಂತು ಕೈ ಆಡಿಸ್ತಿದ್ದಾಳೆ.